ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು?

ಇಂಗ್ಲಿಷ್ ಓದಲು ಬರೆಯಲು ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಇಂಗ್ಲಿಷ್ ಪದ ಒಂದಿದೆ. ಮುಳಬಾಗಿಲಿನಿಂದ ಆವನಿಗೆ ಬರುವ ಬಸ್ಸಿನಲ್ಲಿ, ಹಾಲಿನ ಡೇರಿಯ ಮುಂದೆ, ಟೊಮೆಟೊ ಮಂಡಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಮದುವೆ ಮಾತುಕತೆಗೆ ಹಾಸಿದ ಜಮಖಾನೆಯ ಮೇಲೆ, ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಎಲ್ಲ ಕಡೆಯೂ ಅದು ಕೇಳಿಸುತ್ತದೆ. ಆ ಪದ 'ಅಡ್ಜಸ್ಟ್'. ಮನೆಯಲ್ಲಿ ತೆಲುಗು ಆಡುವವರು 'ಸರ್ದುಕೋ' ಎನ್ನುತ್ತಾರೆ, ಹಳಬರು 'ಹೊಂದಿಕೊಂಡು ಹೋಗು' ಎನ್ನುತ್ತಾರೆ. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ.'

ಗೆಳತಿಯರೇ, ಈ ಮಾತು ಕೇಳಲು ಮೃದುವಾಗಿದೆ. ಬೈಗುಳವಲ್ಲ, ಗದರಿಕೆಯಲ್ಲ. ಹೇಳುವವರು ತಾಯಿ, ಅತ್ತೆ, ಸೋದರಮಾವ, ಊರಿನ ಹಿರಿಯರು. ಆದರೆ ಹೆಣ್ಣುಮಕ್ಕಳನ್ನು ಏಟಿಗೆ, ಉಪವಾಸಕ್ಕೆ, ಕೊನೆಗೆ ಬೆಂಕಿಗೆ ಒಪ್ಪಿಸಿದ ಮಾತುಗಳಲ್ಲಿ ಇದರಷ್ಟು ದುಡಿದ ಮಾತು ಇನ್ನೊಂದಿಲ್ಲ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಒಂದು ಪದಕ್ಕೆ ಎಷ್ಟು ಅರ್ಥ, ಯಾವ ಅರ್ಥ ಎಲ್ಲಿ ಸಲ್ಲುತ್ತದೆ ಎಂದು ಮಕ್ಕಳಿಗೆ ಬಿಡಿಸಿ ಹೇಳುವುದೇ ನನ್ನ ಕಸುಬಾಗಿತ್ತು. ಈ ಒಂದು ಪದವನ್ನೂ ನಾವೆಲ್ಲ ಕೂತು ಬಿಡಿಸಿ ನೋಡೋಣ. ನಾವು ಪರೀಕ್ಷೆ ಬರೆಯಬೇಕಾಗಿಲ್ಲ. ಆದರೆ ಈ ಪದದ ಹೆಸರಿನಲ್ಲಿ ನಮ್ಮಿಂದ ಏನೇನು ಕಸಿಯಲಾಗುತ್ತಿದೆ ಎಂಬುದು ನಮಗೆ ತಿಳಿದಿರಬೇಕು.

ಎಲ್ಲೆಲ್ಲಿ ಏನೇನು ಅರ್ಥ

ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಮೂವರು ಕೂತಿದ್ದಾರೆ. ಮಗು ಎತ್ತಿಕೊಂಡ ಒಬ್ಬಾಕೆ ಹತ್ತುತ್ತಾಳೆ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರೆ ಮೂವರೂ ಒಂದೊಂದು ಗೇಣು ಸರಿಯುತ್ತಾರೆ, ನಾಲ್ಕನೆಯವಳಿಗೆ ಜಾಗವಾಗುತ್ತದೆ. ಇದು ಒಳ್ಳೆಯ ಅಡ್ಜಸ್ಟ್. ಎಲ್ಲರೂ ಸರಿದರು, ಯಾರನ್ನೂ ಬಸ್ಸಿನಿಂದ ಇಳಿಸಲಿಲ್ಲ. ಊರು ಬಂದ ಮೇಲೆ ಎಲ್ಲರೂ ಕೈಕಾಲು ನೀಡಿ ಇಳಿದುಹೋಗುತ್ತಾರೆ.

ಡೇರಿಯಲ್ಲಿ ಹಿಂಡಿ ಮೂಟೆ ಸಾಲ ತಂದರೆ ಅದರ ದುಡ್ಡನ್ನು ಬಟವಾಡೆಯಲ್ಲಿ ಅಡ್ಜಸ್ಟ್ ಮಾಡುತ್ತಾರೆ. ಮಂಡಿಯಲ್ಲಿ ಮುಂಗಡ ತಂದಿದ್ದರೆ ಟೊಮೆಟೊ ಬಾಕ್ಸುಗಳು ಹೋದಾಗ ಅಡ್ಜಸ್ಟ್ ಮಾಡುತ್ತಾರೆ. ಇದು ಲೆಕ್ಕದ ಅಡ್ಜಸ್ಟ್. ಇದಕ್ಕೆ ಪುಸ್ತಕವಿದೆ, ಚೀಟಿಯಿದೆ, ತಾರೀಖಿದೆ. ಒಂದು ರೂಪಾಯಿ ಹೆಚ್ಚು ಹಿಡಿದರೂ ನೀವು ಬಿಡುವುದಿಲ್ಲ, ಅಲ್ಲೇ ನಿಂತು ಕೇಳುತ್ತೀರಿ.

ಹೊಲಿಗೆ ಮಿಷನ್ನಿನಲ್ಲಿ ದಾರ ಪದೇಪದೇ ತುಂಡಾದರೆ ಬಿಗಿಯನ್ನು ಅಡ್ಜಸ್ಟ್ ಮಾಡುತ್ತೀರಿ. ಮೇಲಿನ ದಾರವನ್ನೂ ನೋಡುತ್ತೀರಿ, ಕೆಳಗಿನ ಬಾಬಿನ್ನನ್ನೂ ನೋಡುತ್ತೀರಿ. ಒಂದು ದಾರವನ್ನು ಮಾತ್ರ ಸಡಿಲಿಸುತ್ತಾ ಹೋದರೆ ಹೊಲಿಗೆ ಸುಕ್ಕಾಗುತ್ತದೆ ಎಂಬುದು ಟೈಲರಿಂಗ್ ಕಲಿತ ಎಲ್ಲ ಹೆಂಗಸರಿಗೂ ಗೊತ್ತು.

ಕಚೇರಿಯಲ್ಲಿ 'ಏನಾದ್ರೂ ಅಡ್ಜಸ್ಟ್ ಮಾಡಿ' ಎಂದರೆ ಅದಕ್ಕೆ ಲಂಚ ಎಂದು ಅರ್ಥ. ಮದುವೆ ಮಾತುಕತೆಯಲ್ಲಿ 'ಈಗ ಕೊಡೋದು ಕೊಡಿ, ಉಳಿದದ್ದು ಆಮೇಲೆ ಅಡ್ಜಸ್ಟ್ ಮಾಡ್ಕೊಳೋಣ' ಎಂದರೆ ವರದಕ್ಷಿಣೆಯ ಬಾಕಿ ಎಂದು ಅರ್ಥ. ಈ ಬಾಕಿಗೆ ಜಾಮೀನು ಯಾರು? ಆ ಹುಡುಗಿ. ಬಾಕಿ ತೀರುವ ತನಕ ಅವಳ ಮೈಯೇ ಅಡವು.

ಪದ ಒಂದೇ, ಆದರೆ ಬಸ್ಸಿನ ಅರ್ಥವನ್ನು ತೋರಿಸಿ ಮಂಡಿಯ ವ್ಯಾಪಾರ ಮಾಡುತ್ತಾರೆ, ನ್ಯಾಯದ ಮಾತು ತೋರಿಸಿ ಲಂಚದ ಕೆಲಸ ಮಾಡಿಸುತ್ತಾರೆ. ಮೋಸ ಇರುವುದು ಇಲ್ಲಿ. 'ನಾಲ್ಕು ಜನ ಇರೋ ಕಡೆ ಅಡ್ಜಸ್ಟ್ ಮಾಡ್ಕೋಬೇಕಮ್ಮ' ಎಂದಾಗ ನಮ್ಮ ಕಣ್ಣಿಗೆ ಬಸ್ಸಿನ ಸೀಟು ಕಾಣುತ್ತದೆ, ತಲೆಯಾಡಿಸುತ್ತೇವೆ. ಮನೆಗೆ ಹೋಗಿ ನೋಡಿದರೆ ಸರಿಯಬೇಕಾದವಳು ಒಬ್ಬಳೇ. ಉಳಿದವರೆಲ್ಲ ಕೂತ ಜಾಗದಲ್ಲೇ ಕೂತಿದ್ದಾರೆ.

'ಮಾಡು' ಮತ್ತು 'ಮಾಡಿಕೊ'

ಈ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಅದರ ಹಿಂದಿನ ಲ್ಯಾಟಿನ್ ಬೇರಿಗೆ 'ಹತ್ತಿರಕ್ಕೆ ತರು' ಎಂದು ಅರ್ಥ. ಆಮೇಲಿನವರು ಅದಕ್ಕೆ 'ಜಸ್ಟ್', ಅಂದರೆ ನ್ಯಾಯವಾದದ್ದು ಎಂಬ ಪದದ ನೆಂಟಸ್ತಿಕೆಯನ್ನೂ ಹಚ್ಚಿದರು. ಹತ್ತಿರ ತರುವುದು, ನ್ಯಾಯಕ್ಕೆ ಸರಿಹೊಂದಿಸುವುದು: ಎರಡೂ ಒಳ್ಳೆಯ ಅರ್ಥಗಳೇ. ಎರಡರಲ್ಲೂ ಕನಿಷ್ಠ ಇಬ್ಬರು ಬೇಕು.

ನಮ್ಮ ಕನ್ನಡಕ್ಕೆ ಬಂದಾಗ ಅದಕ್ಕೆ ಒಂದು ಬಾಲ ಅಂಟಿಕೊಂಡಿತು. 'ಅಡ್ಜಸ್ಟ್ ಮಾಡು' ಎಂದರೆ ಹೊರಗಿನ ವಸ್ತುವನ್ನು ಸರಿಮಾಡು ಎಂದು. 'ಅಡ್ಜಸ್ಟ್ ಮಾಡಿಕೊ' ಎಂದರೆ ನಿನ್ನನ್ನೇ ನೀನು ಸರಿಮಾಡಿಕೊ ಎಂದು. ಆ ಒಂದು 'ಕೊ' ಎಂಬ ಅಕ್ಷರದಲ್ಲಿ ಇಡೀ ಪುರುಷಪ್ರಧಾನ ವ್ಯವಸ್ಥೆ ಕೂತಿದೆ. ಬಸ್ಸಿನಲ್ಲಿ ಅದು 'ಕೊಳ್ಳಿ' ಎಂದು ಎಲ್ಲರಿಗೂ ಅನ್ವಯಿಸುತ್ತದೆ. ಮನೆಯೊಳಗೆ 'ಕೊ' ಎಂದು ಒಬ್ಬಳಿಗೆ ಮಾತ್ರ. ಕುಡಿದು ಬಂದ ಗಂಡಸಿಗೆ 'ಹೆಂಡತಿ ಬೈತಾಳೆ, ಅಡ್ಜಸ್ಟ್ ಮಾಡ್ಕೊಳಪ್ಪ, ಕುಡಿಯೋದು ಬಿಡು' ಎಂದು ಯಾವ ಹಿರಿಯರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಇನ್ನು 'ಸ್ವಲ್ಪ' ಎಂಬ ಮಾತು. ಡೇರಿಯಲ್ಲಿ ಹಾಲಿಗೆ ಲೀಟರಿನ ಅಳತೆಯಿದೆ, ಜಿಡ್ಡಿನ ಅಳತೆಯಿದೆ. ಹೆಂಗಸಿನ ತಾಳ್ಮೆಗೆ ಮಾತ್ರ ಅಳತೆಯಿಲ್ಲ. ಮೊದಲ ವರ್ಷ ಸ್ವಲ್ಪ ಎಂದರೆ ಊಟದ ರುಚಿ, ಉಡುವ ಬಟ್ಟೆ, ತವರಿಗೆ ಹೋಗುವ ದಿನ. ಎರಡನೇ ವರ್ಷ ಸ್ವಲ್ಪ ಎಂದರೆ ಓದು ಬಿಡು, ಕೆಲಸ ಬಿಡು, ಕೂಲಿ ದುಡ್ಡು ತಂದು ಅತ್ತೆ ಕೈಗೆ ಕೊಡು. ಆಮೇಲೆ ಸ್ವಲ್ಪ ಎಂದರೆ ಬಳೆ ಅಡವಿಡು, ಅಪ್ಪನ ಹತ್ತಿರ ಗಾಡಿಗೆ ದುಡ್ಡು ಕೇಳಿಕೊಂಡು ಬಾ. ಆಮೇಲೆ ಒಂದು ಕೆನ್ನೆಯೇಟು. 'ಏನೋ ಸಿಟ್ಟಲ್ಲಿ ಒಂದೇಟು ಹೊಡೆದ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ.' ಆಮೇಲೆ ಬೆಲ್ಟು, ಸೌದೆ ಕೊಳ್ಳಿ. ಪ್ರತಿ ಸಲವೂ ಹಿಂದಿನದಕ್ಕಿಂತ 'ಸ್ವಲ್ಪ' ಮಾತ್ರ ಹೆಚ್ಚು. ಹೀಗೆ ಸ್ವಲ್ಪ ಸ್ವಲ್ಪವಾಗಿ ಒಬ್ಬ ಮನುಷ್ಯಳನ್ನು ಇಲ್ಲವಾಗಿಸಬಹುದು.

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಕೈಯಲ್ಲಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ಇಪ್ಪತ್ತು ಜನರ ನಮ್ಮ ಸಂಘಕ್ಕೆ ಈ ಲೆಕ್ಕ ಹಾಕಿದರೆ ಎಂಟೊಂಬತ್ತು ಮಂದಿ. ವಾರಕ್ಕೊಮ್ಮೆ ನಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಉಳಿತಾಯ ಕಟ್ಟುವವರು. ಸೆರಗು ಎಳೆದು ತೋಳು ಮುಚ್ಚಿಕೊಳ್ಳುವವರು.

ರಾಜಿಯಾದ ಮೇಲೆ ಏನಾಗುತ್ತದೆ?

ಹೊಡೆತ ತಾಳಲಾರದೆ ಮಗಳು ತವರಿಗೆ ಬರುತ್ತಾಳೆ. ತಾಯಿ ಎರಡು ದಿನ ಇಟ್ಟುಕೊಳ್ಳುತ್ತಾಳೆ. ಮೂರನೆಯ ದಿನ ನೆರೆಯವರು ಕೇಳುತ್ತಾರೆ, 'ಯಾವಾಗ ಹೋಗ್ತಾಳೆ?' ಹಿರಿಯರು ಸೇರಿ ಪಂಚಾಯ್ತಿ ಮಾಡುತ್ತಾರೆ. 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂಬ ಗಾದೆ ಹೇಳುತ್ತಾರೆ. ಉಂಡು ಮಲಗಿದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಏನು ನಡೆಯುತ್ತದೆ ಎಂದು ಆ ಗಾದೆ ಹೇಳುವುದಿಲ್ಲ. ಗಂಡಿನ ಕಡೆಯವರು ಎಲ್ಲರ ಮುಂದೆ 'ಇನ್ನು ಮೇಲೆ ಹಾಗಾಗಲ್ಲ' ಎನ್ನುತ್ತಾರೆ. ಹುಡುಗಿಯ ಕಡೆಯವರು ಒಂದಿಷ್ಟು ದುಡ್ಡು 'ಅಡ್ಜಸ್ಟ್' ಮಾಡುತ್ತಾರೆ. ಅವಳು ಹಿಂತಿರುಗುತ್ತಾಳೆ. ಹೊಡೆದವನಿಗೆ ಇದರಿಂದ ಸಿಕ್ಕ ಪಾಠ ಒಂದೇ: ಹೊಡೆದರೆ ದುಡ್ಡು ಬರುತ್ತದೆ.

ಠಾಣೆಗೆ ಹೋದರೂ ಎಷ್ಟೋ ಸಲ ಇದೇ ಪಾಠ. 'ಸಂಸಾರ ಹಾಳು ಮಾಡ್ಕೋಬೇಡಮ್ಮ' ಎಂದು ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಕಳ್ಳತನದ ದೂರು ಕೊಡಲು ಹೋದವನಿಗೆ 'ಕಳ್ಳನ ಜೊತೆ ಅಡ್ಜಸ್ಟ್ ಮಾಡ್ಕೋ' ಎಂದು ಯಾರಾದರೂ ಹೇಳುತ್ತಾರೆಯೇ?

ಕೊನೆಗೆ ಒಂದು ದಿನ ಸುದ್ದಿ ಬರುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ಹೆಂಗಸರ ಅಸಹಜ ಸಾವುಗಳ ಬೆನ್ನು ಹತ್ತಿದಾಗ ಪೊಲೀಸ್ ಕಡತಗಳಲ್ಲಿ ಮತ್ತೆ ಮತ್ತೆ ಕಂಡ ಮಾತು 'ಸ್ಟೌವ್ ಸಿಡಿದು ಸಾವು', 'ಆಕಸ್ಮಿಕ'. ಅತ್ತೆ, ಮಾವ, ನಾದಿನಿ ಎಲ್ಲರೂ ಅಡುಗೆ ಮನೆಗೆ ಹೋಗುವವರೇ. ಸ್ಟೌವ್ ಮಾತ್ರ ಸೊಸೆಯನ್ನೇ ಹುಡುಕಿ ಸಿಡಿಯಿತು! ಇಂದು ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ, ಸೀಮೆಎಣ್ಣೆ ಸ್ಟೌವ್ ಮೂಲೆಗೆ ಹೋಗಿದೆ. ಸಾವು ನಿಂತಿಲ್ಲ. 2022ರಲ್ಲೂ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಇವು ದಾಖಲಾದವು ಮಾತ್ರ. ಸಾಯುವ ಮೊದಲು ಈ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಯಾರದೋ ಬಾಯಿಂದ 'ಅಡ್ಜಸ್ಟ್ ಮಾಡ್ಕೋ' ಎಂದು ಕೇಳಿಸಿಕೊಂಡು ಹಿಂತಿರುಗಿದ್ದರೋ, ಆ ಲೆಕ್ಕ ಯಾವ ಕಡತದಲ್ಲೂ ಇಲ್ಲ.

'ಹಾಗಾದರೆ ಹೊಂದಾಣಿಕೆಯೇ ಬೇಡವೇ?'

ಇದನ್ನು ಹೇಳಿದ ಕೂಡಲೇ ಕೆಲವರು ಎದ್ದು ನಿಲ್ಲುತ್ತಾರೆ. 'ಸಂಸಾರ ಅಂದ ಮೇಲೆ ಹೊಂದಾಣಿಕೆ ಬೇಡವೇ? ಮನೆ ಒಡೆಯೋದನ್ನ ಹೇಳಿಕೊಡ್ತೀರಾ?' ಹೊಂದಾಣಿಕೆ ಖಂಡಿತ ಬೇಕು. ನಾನು ಹೇಳುವುದು ಹೊಲಿಗೆ ಮಿಷನ್ನಿನ ಹೊಂದಾಣಿಕೆ. ಎರಡೂ ದಾರ ಸರಿಯಾಗಬೇಕು. ಯಾವುದು ಹೊಂದಾಣಿಕೆ, ಯಾವುದು ದೌರ್ಜನ್ಯ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಇಬ್ಬರೂ ಸರಿದಿದ್ದಾರೆಯೇ? ಇದಕ್ಕೆ ಒಂದು ಮಿತಿ ಇದೆಯೇ? 'ಆಗುವುದಿಲ್ಲ' ಎಂದರೆ ಏಟು ಬೀಳದೆ ಇರುತ್ತದೆಯೇ? ಮೂರಕ್ಕೂ 'ಹೌದು' ಎಂದರೆ ಅದು ಹೊಂದಾಣಿಕೆ. ಮೂರನೆಯದಕ್ಕೆ 'ಇಲ್ಲ' ಎಂದು ಬಂದರೆ ಉಳಿದ ಎರಡನ್ನು ಕೇಳುವ ಅಗತ್ಯವೇ ಇಲ್ಲ.

ಮನೆ ಒಡೆದವಳು ಬಾಗಿಲು ದಾಟಿ ಹೊರಗೆ ಬಂದವಳಲ್ಲ. ಒಳಗೆ ಕೈ ಎತ್ತಿದವನು ಮೊದಲೇ ಒಡೆದಿದ್ದಾನೆ.

ಇನ್ನು ಕೆಲವರು 'ಹೆಂಗಸರು ಕಾನೂನು ದುರುಪಯೋಗ ಮಾಡ್ತಾರೆ' ಎನ್ನುತ್ತಾರೆ. ಸುಳ್ಳು ದೂರು ಯಾರು ಕೊಟ್ಟರೂ ತಪ್ಪೇ, ಅದನ್ನು ನೋಡಲು ನ್ಯಾಯಾಲಯವಿದೆ. ಜಮೀನಿನ ವ್ಯಾಜ್ಯದಲ್ಲಿ ಸುಳ್ಳು ಕೇಸು ಎಷ್ಟು ಬೀಳುತ್ತವೆ ಎಂದು ಕೋಲಾರ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಾಗೆಂದು ಜಮೀನಿನ ಕಾನೂನೇ ಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ! ಹೆಂಗಸರ ಕಾನೂನಿಗೆ ಮಾತ್ರ ಈ ಅನುಮಾನ ಏಕೆ?

ಆವನಿಯ ಬೆಟ್ಟ ಏನು ಹೇಳುತ್ತದೆ?

'ಸೀತೆಯಂತೆ ತಾಳಿಕೊಂಡು ಬಾಳು' ಎಂದು ಮದುಮಗಳಿಗೆ ಹರಸುವವರಿದ್ದಾರೆ. ಅವರನ್ನೆಲ್ಲ ಒಮ್ಮೆ ನಮ್ಮ ಆವನಿ ಬೆಟ್ಟ ಹತ್ತಿಸಬೇಕು. ಕೆಳಗೆ ರಾಮಲಿಂಗೇಶ್ವರನ ಗುಡಿಗಳ ಗುಂಪು, ನೊಳಂಬರ ಕಾಲದವು. ಬೆಟ್ಟದ ಮೇಲೆ ಸೀತೆಯ ಗುಡಿ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ನಮ್ಮ ಜನ ನಂಬಿದ್ದಾರೆ. ಮಕ್ಕಳ ಭಾಗ್ಯ ಬೇಡಿ ಹೆಂಗಸರು ಇಂದಿಗೂ ಹತ್ತುತ್ತಾರೆ.

ಕಥೆಯನ್ನು ಸರಿಯಾಗಿ ನೆನಪು ಮಾಡಿಕೊಳ್ಳಿ. ಲಂಕೆಯಲ್ಲಿ ಒಮ್ಮೆ ಬೆಂಕಿಗೆ ಇಳಿ ಎಂದಾಗ ಸೀತೆ ಇಳಿದಳು. ತುಂಬು ಬಸುರಿಯನ್ನು ಕಾಡಿಗೆ ಕಳಿಸಿದಾಗ ಹೋದಳು, ಮಕ್ಕಳನ್ನು ಒಬ್ಬಳೇ ಸಾಕಿದಳು. ಮತ್ತೆ ಸಭೆಯಲ್ಲಿ ನಿಂತು ಪರಿಶುದ್ಧಳೆಂದು ಸಾಬೀತು ಮಾಡು ಎಂದಾಗ ಅವಳು ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ. ಅರಮನೆಯೂ ಬೇಡ, ಪಟ್ಟವೂ ಬೇಡ ಎಂದು ತಾಯಿ ಭೂಮಿಯನ್ನು ಕರೆದಳು. 'ಅವನಿ' ಎಂದರೆ ಭೂಮಿ, ಸೀತೆಗೆ ಅವನಿಜೆ ಎಂದೂ ಹೆಸರು. ಕರೆದಾಗ ಆ ತಾಯಿ 'ಮೂರು ದಿನ ಇದ್ದು ಹೋಗು', 'ಜನ ಏನಂತಾರೆ' ಎನ್ನಲಿಲ್ಲ. ಬಾಯಿ ತೆರೆದು ಮಗಳನ್ನು ಒಳಗೆ ಕರೆದುಕೊಂಡಳು.

ಸೀತೆಯ ಹೆಸರು ಹೇಳುವವರು ಈ ಕೊನೆಯ ಭಾಗವನ್ನು ಏಕೆ ನುಂಗುತ್ತಾರೆ? ಸೀತೆಯಂತಿರು ಎಂದು ಹೇಳುವ ಧೈರ್ಯ ಇದ್ದವರು, ಅವನಿಯಂಥ ತವರು ಕೊಡುವ ಧೈರ್ಯವನ್ನೂ ಮಾಡಲಿ. ಆದರೆ ನಮ್ಮ ಹೆಣ್ಣುಮಕ್ಕಳು ಭೂಮಿಯ ಒಳಗೆ ಹೋಗುವುದು ಬೇಡ. ಭೂಮಿಯ ಮೇಲೆ, ತಮ್ಮ ಹೆಸರಿನ ನೆಲದ ಮೇಲೆ, ನಿಂತು ಬದುಕಲಿ.

ನೆಲದ ಮಾತು

ಶಿವರಾತ್ರಿ ಹೊತ್ತಿಗೆ ಆವನಿಯಲ್ಲಿ ದನಗಳ ಜಾತ್ರೆ. ಹಲ್ಲು ನೋಡಿ, ಸುಳಿ ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಅಲ್ಲಿ ಎತ್ತು ಹೊಡೆದುಕೊಂಡು ಹೋಗುವವನು ದುಡ್ಡು ಕೊಡುತ್ತಾನೆ. ಮದುವೆಯ ಜಾತ್ರೆಯಲ್ಲಿ ಮಗಳನ್ನೂ ಕೊಟ್ಟು, ದುಡ್ಡನ್ನೂ ಕೊಟ್ಟು, ಛತ್ರದ ಖರ್ಚನ್ನೂ ಹೊತ್ತು, ಕೈ ಮುಗಿದು ನಿಲ್ಲುತ್ತೇವೆ.

ಹೀಗೆ ಕೊಟ್ಟದ್ದನ್ನೇ ಮುಂದೆ ಅಣ್ಣತಮ್ಮಂದಿರು ಎತ್ತಿ ತೋರಿಸುತ್ತಾರೆ. 'ನಿನ್ನ ಮದುವೆಗೆ ಖರ್ಚು ಮಾಡಿದ್ದೀವಲ್ಲಮ್ಮ, ಪಾಲಿನಲ್ಲಿ ಅಡ್ಜಸ್ಟ್ ಆಯ್ತು' ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ. ಇದು ಕಾನೂನಿನಲ್ಲಿ ಎಲ್ಲೂ ಇಲ್ಲದ ಲೆಕ್ಕ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವರದಕ್ಷಿಣೆ ಹೋದದ್ದು ಗಂಡನ ಮನೆಗೆ. ಅದು ಮಗಳ ಪಾಲು ಹೇಗಾದೀತು? ರುಜು ಹಾಕುವ ಮುಂಚೆ ಓದಿಸಿ ಕೇಳಿ. ನೆಲ ಇಲ್ಲದವಳಿಗೆ ಮಾತ್ರ 'ಎಲ್ಲಿಗೆ ಹೋಗ್ತೀಯಾ, ಅಡ್ಜಸ್ಟ್ ಮಾಡ್ಕೋ' ಎಂದು ಹೇಳಲು ಸಾಧ್ಯ.

ನಮ್ಮ ಸಂಘದ ಒಳಗೂ ನೋಡಿಕೊಳ್ಳೋಣ. 'ಹಸು ತರಲು', 'ಅಂಗಡಿಗೆ' ಎಂದು ಪುಸ್ತಕದಲ್ಲಿ ಬರೆಸಿ ತೆಗೆದ ಸಾಲ ಎಷ್ಟು ಸಲ ಮಗಳ ವರದಕ್ಷಿಣೆಗೆ ಹೋಗಿಲ್ಲ? 'ಸಂಘದಲ್ಲಿ ಸಾಲ ತಂದು ಕೊಡು' ಎಂದು ಗಂಡ ಹೊಡೆದು ಕಳಿಸಿದ ಸೋದರಿಗೆ ನಾವು ಸುಮ್ಮನೆ ದುಡ್ಡು ಎಣಿಸಿ ಕೊಟ್ಟರೆ ನಾವೂ ಆ ಏಟಿಗೆ ಕೂಲಿ ಕೊಟ್ಟಂತೆ. ಅವಳ ದುಡಿಮೆಯನ್ನು, ಒಡವೆಯನ್ನು ಕಸಿಯುವುದೂ ದೌರ್ಜನ್ಯವೇ ಎಂದು 2005ರ ಕಾಯ್ದೆ ಹೇಳುತ್ತದೆ.

ಏನು ಮಾಡಬೇಕು?

ಮೊದಲು ಕಾನೂನು ತಿಳಿದಿರಲಿ.

1. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ವರದಕ್ಷಿಣೆ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಮದುವೆಗೆ ಮುಂಚೆ ಪಡೆದದ್ದನ್ನು ಮದುವೆಯಾದ ಮೂರು ತಿಂಗಳೊಳಗೆ ಹೆಂಡತಿಗೇ ಒಪ್ಪಿಸಬೇಕು. 'ಕೊಟ್ಟವರ ಮೇಲೂ ಕೇಸಾಗುತ್ತೆ' ಎಂದು ಹೆದರಿಸುತ್ತಾರೆ. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯ್ದೆಯಡಿ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯ್ದೆಯಲ್ಲಿದೆ.

2. ಗಂಡ, ಅವನ ಮನೆಯವರು ಹಿಂಸೆ ಕೊಟ್ಟರೆ 1983ರಲ್ಲಿ ಬಂದ 498ಎ ಕಲಂ ಇತ್ತು. ಮದುವೆಯಾದ ಏಳು ವರ್ಷದೊಳಗಿನ ವರದಕ್ಷಿಣೆ ಸಾವಿಗೆ 1986ರಲ್ಲಿ ಬಂದ 304ಬಿ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂಸೆಗೆ 85 ಮತ್ತು 86ನೇ ಕಲಂ, ಸಾವಿಗೆ 80ನೇ ಕಲಂ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

3. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಮನೆ ಯಾರ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ರಕ್ಷಣೆ, ಜೀವನಾಂಶ, ಪರಿಹಾರ ಎಲ್ಲವನ್ನೂ ಕೇಳಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು. ಅಂಗನವಾಡಿಗೆ ಹೋಗುವ ನಮಗೆ ಆ ಕಚೇರಿ ದೂರವಲ್ಲ.

4. ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ತುರ್ತಾಗಿ 112, ಮಹಿಳಾ ಸಹಾಯವಾಣಿ 181.

ಕಾನೂನು ತಾನಾಗಿ ನಡೆದು ಮನೆಗೆ ಬರುವುದಿಲ್ಲ. ಅದಕ್ಕೆ ಕಾಲು ನಾವು. ಒಬ್ಬಳೇ ಠಾಣೆಗೆ ಹೋದರೆ 'ಅಡ್ಜಸ್ಟ್ ಮಾಡ್ಕೊಳಮ್ಮ' ಎನ್ನುವವರು ಇಪ್ಪತ್ತು ಜನ ಹೋದರೆ ಪೆನ್ನು ಹುಡುಕುತ್ತಾರೆ. ದೂರು ಬರೆಸಿ, ಎಫ್‌ಐಆರ್ ಪ್ರತಿ ಕೇಳಿ, ಅದು ಉಚಿತ. ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ.

ಸಂಘದ ಮುಂದಿನ ಸಭೆಯಲ್ಲಿ ಮೂರು ನಿರ್ಣಯ ಬರೆಯೋಣ. ಒಂದು, ವರದಕ್ಷಿಣೆಗೆ ಸಂಘದ ಸಾಲವಿಲ್ಲ, ಹೊಡೆತಕ್ಕೆ ಹೆದರಿ ಕೇಳಿದ ಸಾಲಕ್ಕೆ ಮೊದಲು ಅವಳ ಮನೆಗೆ ಹೋಗಿ ವಿಚಾರಣೆ. ಎರಡು, ಉಳಿತಾಯದ ಪುಸ್ತಕದ ಜೊತೆಗೆ ಇನ್ನೊಂದು ಪುಸ್ತಕ: ಯಾವ ಸೋದರಿಗೆ ಯಾವ ತಾರೀಖು ಏನಾಯಿತು, ಯಾರು ನೋಡಿದರು, ಯಾವ ಡಾಕ್ಟರಿಗೆ ತೋರಿಸಿದೆವು. ಅವಳು ಒಪ್ಪಿದರೆ ಮಾತ್ರ ಬರೆಯುವುದು, ಬೀಗದಲ್ಲಿ ಇಡುವುದು. ಹಿಂಡಿ ಮೂಟೆಗೆ ಲೆಕ್ಕ ಇದ್ದ ಮೇಲೆ ಏಟಿಗೂ ಲೆಕ್ಕ ಇರಲಿ. ಮೂರು, ನಮ್ಮ ಮನೆಗೆ ಬಂದ ಮಗಳಿಗೆ, ತಂಗಿಗೆ, ಸೊಸೆಗೆ ನಾವು ಈ ಪದವನ್ನು ಹೇಳುವುದಿಲ್ಲ. ಅದರ ಬದಲು ಕೇಳುವ ಮಾತು 'ಊಟ ಆಯ್ತಾ? ಏನಾಯ್ತು ಹೇಳು.'

ಗಂಡುಮಕ್ಕಳನ್ನು ಹೆತ್ತವರೂ ನಾವೇ. ಬಸ್ಸಿನಲ್ಲಿ ಸರಿದು ಕೂರುವುದನ್ನು ಅವರಿಗೆ ಕಲಿಸಿದ್ದೇವೆ. ಮನೆಯಲ್ಲಿ ಸರಿದು ಕೂರುವುದನ್ನೂ ಕಲಿಸೋಣ. ಇಷ್ಟು ವರ್ಷ ಅಡ್ಜಸ್ಟ್ ಮಾಡಿಕೊಂಡದ್ದು ಸಾಕು. ಇನ್ನು ಅವರ ಸರದಿ.